ಮಾವನ ರಕ್ತ, ಮೂರು ಪ್ರತಿಗಳಲ್ಲಿ

ನಮ್ಮ ಮಾವ ಅಶ್ವತ್ಥನಾರಾಯಣರಿಗೆ ಜ್ವರ ಬಂದು ಹದಿನೆಂಟು ದಿನವಾಗಿತ್ತು. ಅಷ್ಟರೊಳಗೆ ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಆ ಜ್ವರದ ಕಾರಣ ಗೊತ್ತಿಲ್ಲದವರು ಒಬ್ಬರೂ ಉಳಿದಿರಲಿಲ್ಲ. ಅತ್ತೆ ಸರಳಾ ಅವರ ಪ್ರಕಾರ ಅದು ದೃಷ್ಟಿ. ಮೂರನೇ ಮಹಡಿಯ ಪಂಜಾಬಿ ಆಂಟಿಯ ಪ್ರಕಾರ ಕೂಲರ್ ಗಾಳಿ. ಗೇಟಿನ ಗಾರ್ಡ್ ಭಯ್ಯಾ ಅದು ಯಮುನೆಯ ಸೊಳ್ಳೆಯ ಕೆಲಸವೆಂದು ಆಣೆ ಮಾಡಿ ಹೇಳಿದ. ಮಾರ್ಕೆಟ್ಟಿನ ಡಾಕ್ಟರು ಮೊದಲ ವಾರ ವೈರಲ್ ಅಂದರು, ಎರಡನೇ ವಾರ ಇನ್ನೊಂದು ವೈರಲ್ ಅಂದರು, ಮೂರನೇ ವಾರ ಬೇಸರ ಬಂದು ಟೈಫಾಯ್ಡ್ ಅಂದುಬಿಟ್ಟರು. ಅವರು ಮಾಡಿಸಿದ ಪರೀಕ್ಷೆ ಎಂಥದೆಂದರೆ, ದೆಹಲಿಯ ಮೆಟ್ರೋ ಕಂಬದಿಂದ ರಕ್ತ ತೆಗೆದರೂ ಟೈಫಾಯ್ಡ್ ಎಂದೇ ಬರುತ್ತದೆ.

ನಾನು ಧಾರಿಣಿ, ಈ ಮನೆಯ ಸೊಸೆ. ಒಂದು ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಕೆಲಸ. ಜನರ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ಪತ್ತೆ ಹಚ್ಚುವುದೇ ನನ್ನ ಹೊಟ್ಟೆಪಾಡು. ಎಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಆದರೂ ಆ ಹದಿನೆಂಟು ದಿನದಲ್ಲಿ ನನ್ನ ಅಭಿಪ್ರಾಯವನ್ನು ಕೇಳಿದವರಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಕಟ್ಟಿದವರು ಯಾರೋ ಸೊಸೆಯೇ ಇರಬೇಕು.

ನಾನಾಗಿಯೇ ಬಾಯಿ ಹಾಕಿದರೆ ಅತ್ತೆ, "ನೀನು ಲ್ಯಾಬಿನವಳಲ್ವೇನಮ್ಮ, ಅದನ್ನ ಡಾಕ್ಟರು ಹೇಳ್ಲಿ" ಅನ್ನುತ್ತಿದ್ದರು. ಮಾವ ಏನೂ ಅನ್ನುತ್ತಿರಲಿಲ್ಲ. ಅವರ ಚಿಂತೆ ಆಫೀಸಿನದು. ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ಅವರ ನಿವೃತ್ತಿಗೆ ಇನ್ನು ನಲವತ್ತೇ ದಿನ ಬಾಕಿ. ಕೊನೆಯ ಕೆಲಸವೆಂದು ಹಳೆಯ ನಾಲ್ಕು ಸಾವಿರ ಫೈಲುಗಳನ್ನು ವರ್ಗೀಕರಿಸಲು ಕೊಟ್ಟಿದ್ದರು. ಎ ವರ್ಗ ಶಾಶ್ವತವಾಗಿ ಇಡಬೇಕಾದದ್ದು, ಬಿ ವರ್ಗ ಬಹುಕಾಲ ಇಡಬೇಕಾದದ್ದು, ಸಿ ವರ್ಗ ಕೆಲವು ವರ್ಷವಾದ ಮೇಲೆ ಹರಿದು ಹಾಕಬೇಕಾದದ್ದು. ಜ್ವರದಲ್ಲೂ ಅವರು ಕನವರಿಸುತ್ತಿದ್ದದ್ದು ಇದನ್ನೇ. ಒಂದು ಮಧ್ಯಾಹ್ನ ಅತ್ತೆ ಹಣೆಗೆ ಒದ್ದೆ ಬಟ್ಟೆ ಹಾಕಿದಾಗ ಕಣ್ಣು ಬಿಟ್ಟು ನೋಡಿ, "ಎ ವರ್ಗ" ಅಂದರು. ಅತ್ತೆಗೆ ಅದೇನೆಂದು ತಿಳಿಯದಿದ್ದರೂ ಸಂತೋಷವಾಯಿತು.

ಟೈಫಾಯ್ಡ್ ಗುಳಿಗೆ ಶುರುವಾಗುವ ಮೊದಲೇ ರಕ್ತ ತೆಗೆದು, ಬಾಟಲಿಯಲ್ಲಿಟ್ಟು ಏನು ಬೆಳೆಯುತ್ತದೆಂದು ನೋಡಬೇಕಿತ್ತು. ಗುಳಿಗೆ ಹೊಟ್ಟೆಗೆ ಹೋದರೆ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ಸುಮ್ಮನೆ ಅಡಗಿ ಕೂತುಬಿಡುತ್ತದೆ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನಾನು ಹಟ ಹಿಡಿದು ಮಾವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಬಲಗೈಯಿಂದ ಎರಡು ಬಾಟಲಿಗೆ ರಕ್ತ ತುಂಬಿದ್ದಾಯಿತು. ಎಡಗೈಯಿಂದ ಇನ್ನೆರಡು ಬೇಕೆಂದಾಗ ಅವರು ತೋಳಿನ ಗುಂಡಿ ಹಾಕಿಕೊಂಡರು.

"ಒಂದೇ ಅರ್ಜಿಗೆ ಎರಡು ಕಡೆ ಯಾಕಮ್ಮ ಸಹಿ. ಬಲಗೈಲಿ ಇರೋ ರಕ್ತಾನೇ ಎಡಗೈಲೂ ಇರೋದು."

ಮರುದಿನ ಬೆಳಿಗ್ಗೆ, ಬಾಟಲಿಗಳನ್ನು ಬೆಚ್ಚಗಿಟ್ಟು ಕಾಯುವ ಯಂತ್ರ ಕೂಗಿತು. ಎರಡು ಬಾಟಲಿಗಳಲ್ಲಿ ಒಂದರಲ್ಲಿ ಏನೋ ಬೆಳೆದಿತ್ತು. ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ ಬಣ್ಣ ಹಾಕಿ ನೋಡಿದೆ. ನೇರಳೆ ಬಣ್ಣದ ಗುಂಡು ಗುಂಡು ಕೋಶಗಳು, ಮಣಿ ಪೋಣಿಸಿದ ಹಾಗೆ ಸಾಲಾಗಿ ನಿಂತಿದ್ದವು. ಸ್ಟ್ರೆಪ್ಟೋಕಾಕಸ್. ಕುರಿಯ ರಕ್ತ ಬೆರೆಸಿದ ಕೆಂಪು ತಟ್ಟೆಯ ಮೇಲೆ ಅದನ್ನು ಎಳೆದು ಬೆಚ್ಚಗಿಟ್ಟೆ. ಅದರ ಮಾರನೆಯ ದಿನಕ್ಕೆ ಪುಟ್ಟ ಪುಟ್ಟ ಚುಕ್ಕೆಗಳು ಎದ್ದಿದ್ದವು, ಒಂದೊಂದರ ಸುತ್ತಲೂ ಹಸಿರು ಬಳೆ. ನ್ಯುಮೋನಿಯಾ ತರುವುದೂ ಇಂಥದೇ ಹಸಿರು ಮಾಡುತ್ತದೆ. ಅದನ್ನು ಬೇರ್ಪಡಿಸಲು ಒಂದು ಔಷಧಿಯ ಬಿಲ್ಲೆ ಇಟ್ಟು ನೋಡುತ್ತೇವೆ. ನ್ಯುಮೋನಿಯಾದ್ದು ಬಿಲ್ಲೆಯಿಂದ ದೂರ ಸರಿಯುತ್ತದೆ. ಇದು ಬಿಲ್ಲೆಗೆ ಒರಗಿಕೊಂಡು ಹಾಯಾಗಿ ಬೆಳೆದಿತ್ತು.

ನಮ್ಮ ಲ್ಯಾಬಿನ ಮುಖ್ಯಸ್ಥರು ಡಾ. ಸಚದೇವ. ತಟ್ಟೆಯನ್ನು ಒಮ್ಮೆ ಮೇಲೆತ್ತಿ, ಒಮ್ಮೆ ಕೆಳಗಿಟ್ಟು, "ಏಕ್ ಹೀ ಬಾಟಲ್? ಕಂಟಾಮಿನೇಷನ್ ಹೈ, ಛೋಡೋ" ಅಂದರು. ಸೂಜಿ ಚುಚ್ಚುವಾಗ ಹೊರಗಿನ ಕೊಳೆ ಸೇರಿದೆ, ಬಿಟ್ಟುಬಿಡು ಎಂದು ಅರ್ಥ. ಅವರ ಮಾತು ತಪ್ಪಲ್ಲ. ಈ ಹಸಿರು ಜಾತಿಯದು ಒಂದೇ ಬಾಟಲಿಯಲ್ಲಿ ಸಿಕ್ಕರೆ ಹತ್ತರಲ್ಲಿ ಏಳೆಂಟು ಸಲ ಅದು ಕೊಳೆಯೇ. ಆದರೆ ಮಿಕ್ಕ ಎರಡು ಮೂರು ಸಲ ಅದು ಹೃದಯದ ಕವಾಟದಲ್ಲಿ ಗೂಡು ಕಟ್ಟಿ ಕೂತಿರುತ್ತದೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಮತ್ತೆ ರಕ್ತ ಬೇಕು, ಗುಳಿಗೆ ನುಂಗುವ ಮೊದಲೇ ಬೇಕು. ಗುಳಿಗೆಯ ಪೊಟ್ಟಣವನ್ನು ಅತ್ತೆ ಆಗಲೇ ದೇವರ ಮುಂದೆ ಇಟ್ಟಿದ್ದರು, ಮಂಗಳವಾರ ಕಳೆಯಲಿ ಎಂದು. ಮಂಗಳವಾರಕ್ಕೆ ನಾನು ಇವತ್ತಿಗೂ ಋಣಿ.

ಮನೆಗೆ ಬಂದು ಹೇಳಿದೆ. ಮಾವ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡರು. ಬೇಡಿಕೊಂಡೆ, ಕಣ್ಣು ಮುಚ್ಚಿದರು. ನನ್ನ ಗಂಡ ವಿಕ್ರಮ್ ಗುರ್‌ಗಾಂವಿನ ಆಫೀಸಿನಿಂದ ಫೋನಿನಲ್ಲೇ ಗದರಿಸಿದ. ಮಾವ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಅದರ ಮೇಲೆ ಮಲಗಿದರು.

ಆಗ ನನಗೆ ಬುದ್ಧಿ ಬಂತು. ಮೂವತ್ತನಾಲ್ಕು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತ ಮನುಷ್ಯನಿಗೆ ಬಾಯಿಮಾತು ಯಾವತ್ತೂ ತಲುಪುವುದಿಲ್ಲ. ಅವರ ಮೇಜಿನಿಂದ ಒಂದು ಹಸಿರು ನೋಟ್‌ಶೀಟ್ ತೆಗೆದು ಬರೆಯಲು ಕೂತೆ.

"ವಿಷಯ: ಶ್ರೀ ಅಶ್ವತ್ಥನಾರಾಯಣ ಅವರ ರಕ್ತವನ್ನು ಮತ್ತೊಮ್ಮೆ ಪಡೆಯುವ ಬಗ್ಗೆ. ಸದರಿಯವರ ರಕ್ತದ ಒಂದು ಬಾಟಲಿಯಲ್ಲಿ ಸ್ಟ್ರೆಪ್ಟೋಕಾಕಸ್ ಬೆಳೆದಿರುತ್ತದೆ. ಅದು ರಕ್ತದಲ್ಲೇ ಇದ್ದದ್ದೋ ಹೊರಗಿನಿಂದ ಸೇರಿದ್ದೋ ಎಂಬುದು ಒಂದೇ ಬಾಟಲಿಯಿಂದ ತೀರ್ಮಾನವಾಗುವುದಿಲ್ಲ. ಆದ್ದರಿಂದ ಮರುಪರೀಕ್ಷೆಯ ಪ್ರಸ್ತಾವವನ್ನು ಮಾನ್ಯರ ಅವಗಾಹನೆಗೆ ಹಾಗೂ ಅನುಮೋದನೆಗೆ ಮಂಡಿಸಿದೆ."

ಫೈಲಿನಲ್ಲಿ ಇಟ್ಟು, ಟ್ಯಾಗು ಕಟ್ಟಿ, ಅವರ ಎದೆಯ ಮೇಲಿಟ್ಟೆ. ಹೊದಿಕೆಯೊಳಗಿಂದ ಒಂದು ಕೈ ಹೊರಬಂದು ಕನ್ನಡಕ ಹುಡುಕಿತು.

"ವರ್ಗೀಕರಣ ಎಲ್ಲಿ?" ಅಂದರು ಓದಿ ಮುಗಿಸಿ. "ಯಾವ ವರ್ಗ ಅಂತ ಬರೀದೆ ಫೈಲ್ ಮೇಲಕ್ಕೆ ಕಳಿಸ್ತಾರೇನಮ್ಮ?"

"ಬರೀತೀನಿ ಮಾವ. ಈ ಸ್ಟ್ರೆಪ್ಟೋಕಾಕಸ್ ಅನ್ನೋದು ದೊಡ್ಡ ಕುಟುಂಬ. ತಟ್ಟೆಲಿರೋ ರಕ್ತಾನ ಪೂರ್ತಿ ಕರಗಿಸಿದ್ರೆ ಬೀಟಾ. ಅರ್ಧಂಬರ್ಧ ಮಾಡಿ ಹಸಿರು ಬರಿಸಿದ್ರೆ ಆಲ್ಫಾ. ಏನೂ ಮಾಡದೆ ಸುಮ್ನೆ ಕೂತಿದ್ರೆ ಗಾಮಾ."

"ಏನೂ ಮಾಡದೆ ಕೂರೋರು ನಮ್ಮ ಸೆಕ್ಷನ್ನಲ್ಲೂ ಇದಾರೆ. ಮುಂದಕ್ಕೆ ಹೇಳು."

"ಬೀಟಾದವನ್ನ ಮತ್ತೆ ಎ, ಬಿ, ಸಿ ಅಂತ ಗುಂಪು ಮಾಡ್ತೀವಿ. ಗಂಟಲು ನೋವು ಬರೋದು ಎ. ಹಸುಗೂಸುಗಳಿಗೆ ತೊಂದ್ರೆ ಕೊಡೋದು ಬಿ."

"ಹೂಂ, ಒಳ್ಳೇ ಪದ್ಧತಿ. ನಂದು ಯಾವ್ದು?"

"ನಿಮ್ಮದು ಹಸಿರು ಮಾವ. ಅದು ಯಾವ ಗುಂಪಿಗೂ ಸೇರಲ್ಲ."

"ಯಾವ ಗುಂಪಿಗೂ ಇಲ್ಲ? ಅಂದ್ರೆ ಮಿಸಲೇನಿಯಸ್ಸಾ?"

"ಒಂಥರಾ ಹಾಗೇ."

ಮಾವ ಎದ್ದು ಕೂತರು. ನೂರೆರಡು ಜ್ವರವಿದ್ದ ಮನುಷ್ಯ ಗೋಡೆಗೆ ಬೆನ್ನು ಕೊಟ್ಟು, ಪಂಚೆ ಸರಿಮಾಡಿಕೊಂಡು, ನನ್ನನ್ನು ಕನ್ನಡಕದ ಮೇಲಿಂದ ನೋಡಿದರು.

"ನೋಡು ಧಾರಿಣಿ. ಮೂವತ್ನಾಲ್ಕು ವರ್ಷ ಸರ್ವೀಸು ನಂದು. ಎ ಫೈಲಿಂದ ತೊಂದ್ರೆ ಬಂದಿಲ್ಲ, ಬಿ ಫೈಲಿಂದ ಬಂದಿಲ್ಲ. ಪಾರ್ಲಿಮೆಂಟ್ ಪ್ರಶ್ನೆ ಬಂದಾಗೆಲ್ಲ ಬೆಂಕಿ ಹತ್ತಿಕೊಂಡಿದ್ದು ಮಿಸಲೇನಿಯಸ್ ಫೈಲಿಗೇನೇ. ಯಾರೂ ತೆಗೆದು ನೋಡಿರಲ್ಲ, ಎಲ್ಲಾ ಅದರೊಳಗೇ ತುರುಕಿರ್ತಾರೆ. ಅಂಥದನ್ನ ಒಂದೇ ಕಾಗದ ನೋಡಿ ಮುಚ್ಚು ಅಂದಿದ್ದು ಯಾರು?"

"ಡಾ. ಸಚದೇವ."

"ಪಾಪ, ಇನ್ನೂ ಅನುಭವ ಸಾಲದು" ಅಂದರು ಮಾವ. ಡಾ. ಸಚದೇವರಿಗೆ ಅರವತ್ತೆರಡು ವರ್ಷ.

ಆಮೇಲೆ ಪೆನ್ನು ತೆಗೆದು ನೋಟಿನ ಕೆಳಗೆ ಬರೆದರು: "ಅನುಮೋದಿಸಿದೆ. ಮೂರು ಪ್ರತಿಗಳಲ್ಲಿ ಪಡೆಯತಕ್ಕದ್ದು. ಅಲ್ಲಿಯವರೆಗೆ ಗುಳಿಗೆಯನ್ನು ತಡೆಹಿಡಿಯಲಾಗಿದೆ." ತಮಾಷೆಯೆಂದರೆ ನಮ್ಮ ಪಠ್ಯಪುಸ್ತಕವೂ ಮೂರೇ ಹೇಳುತ್ತದೆ. ಬೇರೆ ಬೇರೆ ಜಾಗದಿಂದ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ.

ಅಂದೇ ಮಧ್ಯಾಹ್ನ ಆಸ್ಪತ್ರೆಗೆ ಬಂದು ಗಂಟೆಗೊಂದರಂತೆ ಮೂರು ಸಲ ಕೈ ಚಾಚಿದರು, ಸಲಕ್ಕೆ ಎರಡು ಬಾಟಲಿ. ಪ್ರತಿ ಬಾಟಲಿಯ ಮೇಲೂ ತಮ್ಮ ಹೆಸರಿನ ಕಾಗುಣಿತ ನೋಡಿ, ಪುಟ್ಟದಾಗಿ ಸಹಿ ಹಾಕಿದರು. ಮಾರನೆಯ ದಿನ ಆರು ಬಾಟಲಿಗಳೂ ಕೂಗಿದವು. ಆರರಲ್ಲೂ ಅದೇ ನೇರಳೆ ಮಣಿಸರ, ಅದರ ಮಾರನೆಯ ದಿನ ತಟ್ಟೆಯ ಮೇಲೆ ಅದೇ ಹಸಿರು ಬಳೆ. ಡಾ. ಸಚದೇವ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, "ಅಚ್ಛಾ, ತುಮ್ ಸಹೀ ಥೀ" ಅಂದರು. ನನ್ನ ಮಾತು ಸರಿಯಾಗಿತ್ತು ಅಂತ. ಎಂಟು ವರ್ಷದಲ್ಲಿ ಅವರು ಹೀಗೆ ಹೇಳಿದ್ದು ಅದೇ ಮೊದಲು. ನನಗೆ ಒಂಚೂರೂ ಖುಷಿಯಾಗಲಿಲ್ಲ.

ಚುಕ್ಕೆಯಷ್ಟು ಬ್ಯಾಕ್ಟೀರಿಯಾ ಇಟ್ಟರೆ ಅದರ ಪ್ರೋಟೀನುಗಳನ್ನು ಅಳೆದು ಹೆಸರು ಹೇಳುವ ಯಂತ್ರವೊಂದು ನಮ್ಮಲ್ಲಿದೆ. ಅದು ಹೇಳಿದ ಹೆಸರು ಸ್ಟ್ರೆಪ್ಟೋಕಾಕಸ್ ಸ್ಯಾಂಗ್ವಿನಿಸ್. ಸಂಜೆಯೇ ಮಾವನನ್ನು ವಾರ್ಡಿಗೆ ಸೇರಿಸಿದೆವು. ಹೃದಯದ ಸ್ಕ್ಯಾನಿನಲ್ಲಿ ಒಂದು ಕವಾಟ ಸ್ವಲ್ಪ ಸಡಿಲವಾಗಿರುವುದು ಕಂಡಿತು, ಅದರ ಅಂಚಿನಲ್ಲಿ ಉದ್ದಿನಕಾಳಿನಷ್ಟು ಗಂಟು. ಅದು ಕಳಚಿಕೊಂಡು ಮೆದುಳಿನ ಕಡೆ ಹೋದರೆ ಎಂದು ಶುರುಮಾಡಿದ ಹೃದಯದ ಡಾಕ್ಟರು ವಾಕ್ಯ ಮುಗಿಸಲಿಲ್ಲ. ನಾಲ್ಕು ವಾರ ಇಂಜೆಕ್ಷನ್ ಕೊಡುವುದಾಗಿಯೂ, ಅದು ಎಲ್ಲಿಂದ ಒಳಗೆ ಬಂತೆಂದು ಹುಡುಕಲೇಬೇಕೆಂದೂ ಹೇಳಿದರು. ಬಾಗಿಲು ತೆರೆದೇ ಇದ್ದರೆ ಮತ್ತೆ ಬರುತ್ತದೆ.

ನಾನು ಲ್ಯಾಬಿನ ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ. ಮದುವೆಯಾಗಿ ದೆಹಲಿಗೆ ಬಂದ ಹೊಸದರಲ್ಲಿ ನನಗೆ ಹಿಂದಿಯೂ ಬಾರದು, ದಾರಿಯೂ ತಿಳಿಯದು. ಕೆಲಸಕ್ಕೆ ಅರ್ಜಿ ಹಾಕಿದ ಏಳು ಆಸ್ಪತ್ರೆಗಳಿಗೂ ರಜೆ ಹಾಕಿ ನನ್ನ ಜೊತೆ ಬಂದವರು ಮಾವ. ನನ್ನ ಅಂಕಪಟ್ಟಿಗಳನ್ನು ಫೈಲು ಮಾಡಿ, ಪುಟಸಂಖ್ಯೆ ಹಾಕಿ, ಬಣ್ಣದ ಚೀಟಿ ಅಂಟಿಸಿ, ಆ ಫೈಲನ್ನು ಎದೆಗವಚಿಕೊಂಡು ಬಿಸಿಲಲ್ಲಿ ಗೇಟಿನ ಹತ್ತಿರ ಕಾಯುತ್ತಿದ್ದರು. ಆ ಮನುಷ್ಯ ನನಗೆ ಬೇಕಿತ್ತು.

ವಾರ್ಡಿನಲ್ಲಿ ಅತ್ತೆ ಬ್ಯಾಕ್ಟೀರಿಯಾದ ವಿಚಾರಣೆಗೆ ನಿಂತಿದ್ದರು. ನಮ್ಮವರು ದೆಹಲಿಯಲ್ಲಿ ಹೊಸಬರನ್ನು ಕಂಡರೆ ಕೇಳುವ ಮೊದಲ ಪ್ರಶ್ನೆಯನ್ನೇ ಕೇಳಿದರು.

"ಅದು ಯಾವೂರಿಂದಂತೆ?"

"ಬಾಯಿ, ಅತ್ತೆ. ಹಲ್ಲಿನ ಮೇಲೇ ಅದರ ವಾಸ. ಎಲ್ಲರ ಬಾಯಲ್ಲೂ ಇರುತ್ತೆ."

"ಹಾಗಾದ್ರೆ ನಮ್ಮವರೇ ಅನ್ನು."

"ಬಾಯಲ್ಲಿರೋವರೆಗೆ ನಮ್ಮವರೇ. ಗಾಯ ಇದ್ರೆ ಅಲ್ಲಿಂದ ರಕ್ತಕ್ಕೆ ಇಳಿಯುತ್ತೆ."

ಹಲ್ಲಿನ ಡಾಕ್ಟರು ಬಂದು ದೀಪ ಹಾಕಿ ನೋಡಿದರು. ಬಲಗಡೆ ಕೆಳಗಿನ ಎರಡು ದವಡೆಹಲ್ಲುಗಳ ನಡುವೆ ವಸಡು ಹರಿದಿತ್ತು. ಚೂಪಾದ ಯಾವುದರಿಂದಲೋ ಚುಚ್ಚಿ ಚುಚ್ಚಿ ಆದ ಗಾಯ ಅಂದರು, ಯಾವುದರಿಂದ ಎಂದು ಕೇಳಿದರು. ಮಾವ ಛಾವಣಿ ನೋಡುತ್ತಾ, ಆ ಕುರಿತು ತಮ್ಮಲ್ಲಿ ಮಾಹಿತಿ ಲಭ್ಯವಿಲ್ಲ ಎಂದು ಶುದ್ಧ ಸರ್ಕಾರಿ ಹಿಂದಿಯಲ್ಲಿ ಉತ್ತರ ಕೊಟ್ಟರು. ಅತ್ತೆಗೆ ತಮ್ಮ ಕೋಡುಬಳೆಯ ಮೇಲೆ ಅನುಮಾನ ಬಂದು, ಡಬ್ಬಿಯಲ್ಲಿದ್ದದ್ದನ್ನೆಲ್ಲ ಮೂರನೇ ಮಹಡಿಯ ಆಂಟಿಗೆ ಕೊಟ್ಟುಬಿಟ್ಟರು. ಆಂಟಿಯ ಹಲ್ಲು ಗಟ್ಟಿಯಿತ್ತು, ಪುಣ್ಯ.

ಇಂಜೆಕ್ಷನ್ ಶುರುವಾಗಿ ಐದು ದಿನಕ್ಕೆ ಜ್ವರ ಇಳಿಯಿತು. ಮಾವ ಚೇತರಿಸಿಕೊಂಡು ತಮ್ಮ ಕಾಯಿಲೆಯದೇ ಒಂದು ಫೈಲು ತೆರೆದರು. ಎಲ್ಲ ರಿಪೋರ್ಟುಗಳಿಗೂ ಪುಟಸಂಖ್ಯೆ, ಮುಖ್ಯವಾದವಕ್ಕೆ ಗುಂಡುಸೂಜಿಯಿಂದ ಚುಚ್ಚಿದ ಚೀಟಿ. ಆ ಗುಂಡುಸೂಜಿಗಳು ವಾರ್ಡಿಗೆ ಎಲ್ಲಿಂದ ಬಂದವೆಂದು ನಾನು ಆಗ ಯೋಚಿಸಲಿಲ್ಲ. ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಎಂಟನೆಯ ದಿನ ಮಧ್ಯಾಹ್ನ ಕೆಲಸದ ನಡುವೆ ಬಿಡುವು ಮಾಡಿಕೊಂಡು ವಾರ್ಡಿಗೆ ಹೋದೆ. ಅತ್ತೆ ಮನೆಯಿಂದ ತಂದಿದ್ದ ಅನ್ನ, ದಂಟಿನ ಸೊಪ್ಪಿನ ಹುಳಿ ಉಂಡು ಮುಗಿದಿತ್ತು. ಅತ್ತೆ ಡಬ್ಬಿ ತೊಳೆಯಲು ಹೋಗಿದ್ದರು. ಮಾವ ಫೈಲನ್ನು ಮುಖದ ಮುಂದೆ ಹಿಡಿದುಕೊಂಡು ಹನ್ನೊಂದನೆಯ ಪುಟ ಓದುತ್ತಿದ್ದರು. ಅದು ನಾನೇ ಟೈಪು ಮಾಡಿದ ರಿಪೋರ್ಟು. ಈ ಬ್ಯಾಕ್ಟೀರಿಯಾ ಬಾಯಿಯಲ್ಲಿ ವಾಸಿಸುತ್ತದೆ, ವಸಡಿನ ಗಾಯದಿಂದ ರಕ್ತಕ್ಕೆ ಸೇರುತ್ತದೆ ಎಂದು ಅದರಲ್ಲಿ ಬರೆದಿತ್ತು. ಮಾವ ಆ ಸಾಲಿನ ಮೇಲೆ ಬೆರಳಾಡಿಸಿದರು, ತಲೆದೂಗಿದರು. ಆ ಪುಟದಿಂದಲೇ ಗುಂಡುಸೂಜಿ ಕಿತ್ತರು, ಫೈಲಿನ ಮರೆಯಲ್ಲಿ ಬಾಯಿ ತೆರೆದರು, ಬಲಗಡೆಯ ದವಡೆಯಲ್ಲಿ ಸಿಕ್ಕಿದ್ದ ದಂಟಿನ ನಾರನ್ನು ತನ್ಮಯರಾಗಿ ಕೆದಕಿ ತೆಗೆದರು. ಬಳಿಕ ಸೂಜಿಯನ್ನು ಪಂಚೆಗೆ ಒರೆಸಿ ಅದೇ ಪುಟಕ್ಕೆ ಚುಚ್ಚಿದರು.

"ಮಾವ" ಅಂದೆ.

ಫೈಲು ಮುಚ್ಚಿತು. "ಬಂದ್ಯಾ? ಕೂತ್ಕೋ."

"ಬಾಯಲ್ಲಿ ಏನಿತ್ತು?"

"ಫೈಲ್ ನೋಡ್ತಿದ್ದೆ."

"ಎಷ್ಟು ವರ್ಷದಿಂದ ನೋಡ್ತಿದೀರಿ ಹೀಗೆ?"

ಅವರು ಕಿಟಕಿಯ ಕಡೆ ತಿರುಗಿದರು. "ಸೇರಿದ ದಿನದಿಂದ. ಲಂಚ್ ಆದ್ಮೇಲೆ ಸೆಕ್ಷನ್ನಲ್ಲಿ ಎಲ್ಲರೂ ಮಾಡ್ತಾರಮ್ಮ. ಆಲ್‌ಪಿನ್ ಇರೋದು ಇನ್ಯಾತಕ್ಕೆ. ನಮ್ಮ ಡೈರೆಕ್ಟರೂ ಮಾಡ್ತಾರೆ. ಅವರದ್ದು ಹಿತ್ತಾಳೇದು."

ನನಗೆ ಸಿಟ್ಟು ನೆತ್ತಿಗೇರಿತು. ಎಂಟು ವರ್ಷದಲ್ಲಿ ಅವರೆದುರು ಒಮ್ಮೆಯೂ ದನಿ ಎತ್ತಿದವಳಲ್ಲ. ಅವತ್ತು ಪಕ್ಕದ ಮಂಚದವರು ಎದ್ದು ಕೂರುವಷ್ಟು ಬೈದೆ. ಒಂದು ಕೈಗೆ ಔಷಧಿ ಹೋಗುತ್ತಿರುವಾಗ ಇನ್ನೊಂದು ಕೈಯಿಂದ ಬಾಗಿಲು ತೆರೆದು ಅದನ್ನೇ ಒಳಗೆ ಕರೆಯುತ್ತಿದ್ದೀರಲ್ಲ ಅಂದೆ.

"ನೀವು ಸತ್ತೇ ಹೋಗ್ತಿದ್ರಿ ಮಾವ. ಒಂದು ಸೊಪ್ಪಿನ ನಾರಿಗೋಸ್ಕರ ನಮ್ಮನ್ನೆಲ್ಲ ಬಿಟ್ಟು ಹೋಗ್ತಿದ್ರಿ."

ಮಾವ ಮುಚ್ಚಿದ್ದ ಫೈಲನ್ನು ಮತ್ತೆ ತೆರೆದರು. ಆಮೇಲೆ ಹನ್ನೊಂದನೆಯ ಪುಟದ ಸೂಜಿ ಕಿತ್ತು ನನ್ನ ಮುಂದಿಟ್ಟರು. ಕನ್ನಡಕದ ಡಬ್ಬಿಯಿಂದ ಎರಡು ತೆಗೆದರು. ಕೈಗಡಿಯಾರದ ಪಟ್ಟಿಯಿಂದ ಒಂದು, ಪಂಚಾಂಗದ ಬೆನ್ನಿನಿಂದ ಒಂದು. ದಿಂಬಿನ ಚೀಲದೊಳಗೆ ಕೈ ಹಾಕಿ ಸ್ವಲ್ಪ ಹುಡುಕಿ ಇನ್ನೂ ಎರಡು ತೆಗೆದರು. ಒಟ್ಟು ಏಳು. ಅಷ್ಟರಲ್ಲಿ ಅತ್ತೆ ತೊಳೆದ ಡಬ್ಬಿಯೊಂದಿಗೆ ಬಂದು, ಸಾಲಾಗಿಟ್ಟ ಸೂಜಿಗಳನ್ನು ನೋಡಿ, ಒಂದೂ ಕೇಳದೆ ಎಲ್ಲ ಅರ್ಥಮಾಡಿಕೊಂಡರು.

"ನನ್ನ ಕೋಡುಬಳೆ" ಅಂದರು ಅಷ್ಟೇ. ಅದರಲ್ಲಿದ್ದ ನೋವು ನನಗೂ ತಿಳಿಯಿತು, ಮಾವನಿಗಂತೂ ಚೆನ್ನಾಗಿ ತಿಳಿಯಿತು.

"ಧಾರಿಣಿ, ಏಳು ಸೂಜಿ ಸ್ವೀಕರಿಸಿದೆ ಅಂತ ಬರೆದುಕೊಡು. ಹಸ್ತಾಂತರ ಅಂದ್ಮೇಲೆ ದಾಖಲೆ ಇರ್ಬೇಕು" ಅಂದರು ಮಾವ. ಬರೆದುಕೊಟ್ಟೆ.

ಹನ್ನೊಂದನೆಯ ಪುಟದ ಸೂಜಿಯನ್ನು ಲ್ಯಾಬಿಗೆ ಒಯ್ದು ಪೋಷಕ ದ್ರವದಲ್ಲಿ ಅದ್ದಿ ಬೆಚ್ಚಗಿಟ್ಟೆ. ಬಾಯಿಯ ಹತ್ತು ಹಲವು ಬಗೆ ಬೆಳೆದವು, ಅವುಗಳ ನಡುವೆ ಹಸಿರು ಬಳೆ ತೊಟ್ಟ ನಮ್ಮವರೂ ಇದ್ದರು. ತಟ್ಟೆಯನ್ನು ಡಾ. ಸಚದೇವರಿಗೆ ತೋರಿಸಿ ಕಥೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ತಮ್ಮ ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿಯನ್ನು ಮೆಲ್ಲಗೆ ಡ್ರಾಯರಿನೊಳಗೆ ಸರಿಸಿದರು. ನಾನು ನೋಡದವಳ ಹಾಗೆ ಇದ್ದೆ.

ನಾಲ್ಕು ವಾರ ಮುಗಿಯಿತು. ಗಂಟು ಕರಗಿ ಹೋಗಿತ್ತು. ಕೊನೆಯಲ್ಲಿ ಮತ್ತೆ ರಕ್ತ ತೆಗೆದೆವು, ಮೂರು ಪ್ರತಿಗಳಲ್ಲಿ. ನಾನು ಕೇಳುವ ಮೊದಲೇ ಮಾವ ಅಂಗಿಯ ಎರಡೂ ತೋಳು ಮೇಲಕ್ಕೆ ಮಡಚಿಕೊಂಡು ಕೂತಿದ್ದರು. ಐದು ದಿನ ಕಾದೆ. ದಿನಕ್ಕೆ ಹತ್ತು ಸಲ ಆ ಯಂತ್ರದ ಮುಂದೆ ಹೋಗಿ ನಿಲ್ಲುತ್ತಿದ್ದೆ. ಆರು ಬಾಟಲಿಗಳಲ್ಲಿ ಒಂದೂ ಕೂಗಲಿಲ್ಲ. ಏನೂ ಬೆಳೆದಿಲ್ಲ ಎಂದು ರಿಪೋರ್ಟು ಟೈಪು ಮಾಡಿದೆ.

ಮಾವ ಅಷ್ಟು ಹೊತ್ತಿಗೆ ಮನೆಗೆ ಬಂದಿದ್ದರು, ಉಳಿದ ಫೈಲುಗಳಿಗಾಗಿ ಆಫೀಸಿಗೂ ಹೋಗತೊಡಗಿದ್ದರು. ರಿಪೋರ್ಟು ಅವರ ಕೈಗಿಟ್ಟೆ. ಎರಡು ಸಲ ಓದಿ, "ಸರಿ" ಅಂದು ಕೋಣೆಗೆ ಹೋದರು. ನನಗೆ ಸ್ವಲ್ಪ ಬೇಸರವಾಯಿತು. ಅಷ್ಟೆಲ್ಲ ಮಾಡಿದ್ದಕ್ಕೆ ಬರೀ ಸರಿಯೇ ಅನಿಸಿತು.

ಮರುದಿನ ಬೆಳಿಗ್ಗೆ ಹಾಲು ತೆಗೆಯಲು ಹೋದಾಗ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಸಿರು ನೋಟ್‌ಶೀಟ್ ಇತ್ತು. ಮಾವನ ದುಂಡು ಅಕ್ಷರ.

"ಕಚೇರಿ ಆದೇಶ. ಇನ್ನು ಮುಂದೆ ಈ ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಸದರಿ ವಿಷಯವನ್ನು ಮೊದಲು ಶ್ರೀಮತಿ ಧಾರಿಣಿ ಅವರ ಮುಂದೆ ಮಂಡಿಸತಕ್ಕದ್ದು. ಅವರ ತೀರ್ಮಾನವೇ ಅಂತಿಮ. ಮಾರ್ಕೆಟ್ಟಿನ ಡಾಕ್ಟರು, ಮೂರನೇ ಮಹಡಿ ಹಾಗೂ ಗೇಟಿನ ಗಾರ್ಡ್ ಇವರ ಅಭಿಪ್ರಾಯಗಳನ್ನು ಸಿ ವರ್ಗದಲ್ಲಿ ಇಡತಕ್ಕದ್ದು. ಶ್ರೀಮತಿ ಧಾರಿಣಿ ಅವರು, ಎ ವರ್ಗ."

ಎರಡು ಸಲ ಓದಿದೆ. ಹಾಲಿನ ಪಾತ್ರೆ ಕೈಯಲ್ಲೇ ಇತ್ತು. ಆಮೇಲೆ ಅಭ್ಯಾಸಬಲದಿಂದ ಕಾಗದದ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದೆ. ಎಲ್ಲೂ ಸೂಜಿ ಇರಲಿಲ್ಲ. ನಾಲ್ಕೂ ಕಡೆ ಗೋಂದು ಹಚ್ಚಿದ್ದರು, ಇನ್ನೂ ಒಣಗಿರಲಿಲ್ಲ.